ಗೇಟು ಕಟ್ಟಿದ ಮಂಗಳವಾರ

ಭಾನುವಾರ ಮಧ್ಯಾಹ್ನ ಒಡ್ಲಿಂಗ್ ಮನೆಯಲ್ಲಿ ಹಂದಿಮಾಂಸದ ಊಟ. ಆಲೂಗಡ್ಡೆಯನ್ನು ಎರಡು ಬಗೆಯಲ್ಲಿ ಮಾಡಿದ್ದರು. ಮನೆಯ ಯಜಮಾನ ಕ್ಲೈವ್‌ಗೆ ಗರಿಗರಿಯಾಗಿ ಹುರಿದದ್ದೇ ಆಗಬೇಕು. ಅವನ ತಾಯಿ ಮೇವಿಸ್‌ಗೆ ಹಲ್ಲು ಸರಿಯಿಲ್ಲ, ಹಿಸುಕಿದ್ದು ಬೇಕು. ಬಡಿಸುತ್ತಿದ್ದವಳು ಕ್ಲೈವ್‌ನ ಹೆಂಡತಿ ಹಿಲರಿ. ಮಗಳು ಜಾಸ್ ಮತ್ತು ಅವಳ ಸಂಗಾತಿ ಡೇಲ್ ತಾವು ವಾಸವಿದ್ದ ಹಿತ್ತಿಲಿನ ಕ್ಯಾರವಾನ್ ಗಾಡಿಯಿಂದ ಊಟಕ್ಕೆ ಬಂದಿದ್ದರು. ಜಾಸ್ ಬಸುರಿ. ಮೇಜಿಗೆ ಹೊಟ್ಟೆ ತಾಗದಂತೆ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡು ಕೂತಿದ್ದಳು.

"ನೋಟಿಸ್ ಬೋರ್ಡಲ್ಲಿ ನಮ್ಮ ಹೆಸರು ಹಾಕಿದಾರೆ," ಎಂದ ಕ್ಲೈವ್.

ಬೆಳಿಗ್ಗೆ ಪತ್ರಿಕೆ ತರಲು ಹೋದಾಗ ಬಸ್ ನಿಲ್ದಾಣದ ಪಕ್ಕದ ಬೋರ್ಡಿನಲ್ಲಿ ಊರಿನ ಆಡಳಿತ ನೋಡುವ ಪ್ಯಾರಿಷ್ ಕೌನ್ಸಿಲ್‌ನ ಮುಂದಿನ ಸಭೆಯ ವಿಷಯಗಳನ್ನು ಅವನು ಓದಿದ್ದ. ನಾಯಿ ಹೇಸಿಗೆಯ ಡಬ್ಬಿ, ನಿಲ್ದಾಣದ ಒಡೆದ ಗಾಜು, ಚರ್ಚ್ ಅಂಗಳದ ಹುಲ್ಲು ಕತ್ತರಿಸುವ ಗುತ್ತಿಗೆ. ಅದರ ಕೆಳಗೆ "ಒಡ್ಲಿಂಗ್ ಹೊಲದ ಕಾಲುದಾರಿ".

"ಕಾಲುದಾರಿಯಂತೆ! ಅದು ದಾರಿ ಯಾವಾಗಾಯ್ತು? ಅದು ನಮ್ಮ ಹೊಲ."

"ಜನ ಓಡಾಡ್ತಾರಲ್ಲ," ಎಂದಳು ಮೇವಿಸ್.

"ನಾವು ಸುಮ್ನಿದೀವಿ ಅಂತ ಓಡಾಡ್ತಾರೆ, ಅಮ್ಮ. ಪಕ್ಕದ್ಮನೆ ಬೆಕ್ಕು ದಿನಾ ನಮ್ಮಂಗಳಕ್ಕೆ ಬರುತ್ತೆ. ಅದರ ಹೆಸರಿಗೆ ಅಂಗಳ ಬರ್ಕೊಡ್ತೀವಾ?"

ಡೇಲ್ ಫೋರ್ಕನ್ನು ಕೆಳಗಿಟ್ಟ. "ಅದೇ ಜಾಗದಲ್ಲಲ್ವಾ ನಮ್ಮ ಮನೆ ಬರೋದು?"

ಅದೇ ಜಾಗ. ನಮ್ಮ ಹಳ್ಳಿ ಸ್ಕಾಲ್ಡ್‌ಬಿಯಲ್ಲಿ ಮಾರಾಟಕ್ಕೆ ಬಂದ ಮನೆಗಳನ್ನೆಲ್ಲ ಲಂಡನ್ ಕಡೆಯಿಂದ ನಿವೃತ್ತರಾಗಿ ಬರುವವರು ಕೊಳ್ಳುತ್ತಾರೆ. ವೃದ್ಧಾಶ್ರಮದಲ್ಲಿ ಆರೈಕೆ ಕೆಲಸ ಮಾಡುವ ಜಾಸ್‌ಗಾಗಲಿ, ಟೈರ್ ಅಂಗಡಿಯ ಡೇಲ್‌ಗಾಗಲಿ ಆ ಬೆಲೆ ಎಟುಕುವುದಿಲ್ಲ. ಮೇವಿಸ್ ತನ್ನ ಹೆಸರಿನಲ್ಲಿದ್ದ ಪಕ್ಕದ ಹುಲ್ಲುಹೊಲದ ಒಂದು ಮೂಲೆಯನ್ನು ಮೊಮ್ಮಗಳಿಗೆ ಕೊಟ್ಟಿದ್ದಳು. ಮನೆಯ ನಕ್ಷೆ ಮಂಜೂರಾತಿಗೆ ಹೋಗಿತ್ತು. ಜನ ನಡೆದು ನಡೆದು ಸವೆದ ಜಾಡು ಆ ನಕ್ಷೆಯ ಅಡುಗೆಮನೆಯನ್ನು ಸೀಳಿಕೊಂಡು ಚರ್ಚಿನ ಕಡೆಗೆ ಹೋಗುತ್ತಿತ್ತು.

"ಹಿಲರಿ, ನೀನು ಕೌನ್ಸಿಲ್ ಮೆಂಬರು," ಎಂದ ಕ್ಲೈವ್. "ಈ ಪಟ್ಟಿ ನಿಂಗೆ ಯಾವತ್ತು ಬಂತು?"

"ಗುರುವಾರ."

"ಗುರುವಾರ! ಇವತ್ತು ಭಾನುವಾರ."

"ಗುರುವಾರನೇ ಹೇಳಿದ್ರೆ ಗುರುವಾರನೇ ಹೋಗಿ ಗುಮಾಸ್ತೆ ಬರ್ನಿಸ್ ಮನೆ ಬಾಗ್ಲು ಬಡೀತಿದ್ದೆ ನೀನು. ಮೂರು ದಿನ ಎಲ್ರೂ ನೆಮ್ಮದಿಯಾಗಿ ಊಟ ಮಾಡಿದ್ರಲ್ಲ, ಸಾಲ್ದಾ?"

ಡೇಲ್ ಅಷ್ಟರಲ್ಲಿ ಫೋನಿನಲ್ಲಿ ಹುಡುಕಿದ್ದ. "ಇಪ್ಪತ್ತು ವರ್ಷ ಯಾರೂ ತಡೀದೆ ಜನ ನಡೆದ್ರೆ ಅದು ಸಾರ್ವಜನಿಕ ದಾರಿ ಆಗ್ಬಿಡುತ್ತಂತೆ. ಆಮೇಲೆ ಮುಚ್ಚೋ ಹಾಗಿಲ್ಲ, ಅದರ ಮೇಲೆ ಕಟ್ಟೋ ಹಾಗಿಲ್ಲ."

ಕ್ಲೈವ್ ನಕ್ಕ. "ಯಾರೂ ತಡೀದೆ ಅಂದ್ಯಲ್ಲ, ಅಲ್ಲೇ ಇದೆ. ನಮ್ಮಪ್ಪ ಪ್ರತಿ ವರ್ಷ ಪ್ಯಾನ್‌ಕೇಕ್ ಮಂಗಳವಾರ ಆ ಗೇಟಿಗೆ ಸರಪಳಿ ಸುತ್ತಿ ಕಟ್ತಿದ್ದ. ತಾತನೂ ಕಟ್ತಿದ್ದ. ಸಾಯೋ ವರ್ಷದವರೆಗೂ ಕಟ್ಟಿದಾನೆ ಅಪ್ಪ. ಕಟ್ಟಿ, ಸ್ಟೇನ್‌ಬರಿ ಸಂತೆಗೆ ಹೋಗ್ತಿದ್ದ. ಸಂಜೆ ಬಂದು ಬಿಚ್ತಿದ್ದ. ಅಲ್ವೇನಮ್ಮ?"

ವರ್ಷಕ್ಕೊಂದು ದಿನ ಮುಚ್ಚಿದರೆ ಉಳಿದ ದಿನಗಳ ಓಡಾಟ ಹಕ್ಕಾಗುವುದಿಲ್ಲ ಎಂಬುದು ನಮ್ಮ ಕಡೆ ಹೊಲ ಇರುವವರಿಗೆಲ್ಲ ಗೊತ್ತು. ಚಳಿಗಾಲದ ಕೊನೆಗೆ, ಈಸ್ಟರ್ ಉಪವಾಸದ ದಿನಗಳಿಗೆ ಮುಂಚಿನ ಆ ಮಂಗಳವಾರ ಮನೆಮನೆಯಲ್ಲೂ ಪ್ಯಾನ್‌ಕೇಕ್ ಹುಯ್ಯುತ್ತಾರೆ. ಒಡ್ಲಿಂಗ್ ಮನೆಯ ಗಂಡಸರು ಗೇಟನ್ನೂ ಕಟ್ಟುತ್ತಿದ್ದರು.

"ಕಟ್ತಿದ್ರು," ಎಂದು ಮೇವಿಸ್ ಎದ್ದಳು. "ಕ್ರಂಬಲ್ ತರ್ತೀನಿ."

"ಇನ್ನೂ ಬೆಂದಿಲ್ಲ ಅದು, ಕೂತ್ಕೊಳ್ಳಿ," ಎಂದಳು ಹಿಲರಿ.

ಮೇವಿಸ್ ಕೂರಲಿಲ್ಲ. ಮೇಲಿನ ಹಿಟ್ಟು ಇನ್ನೂ ಬೆಳ್ಳಗಿದ್ದ ಕ್ರಂಬಲ್ ಎಂಬ ಆ ಹಣ್ಣಿನ ಸಿಹಿಯನ್ನು ತಂದು ಮೇಜಿನ ಮೇಲಿಟ್ಟಳು. ಎಲ್ಲರೂ ತಿಂದರು.

*

ಕೌನ್ಸಿಲ್ ಸಭೆ ಸೇರುವುದು ಊರ ಸಮುದಾಯ ಭವನದಲ್ಲಿ. ಉದ್ದ ಮೇಜಿನ ಆ ಕಡೆ ಸದಸ್ಯರು, ಈ ಕಡೆ ಸಾರ್ವಜನಿಕರಿಗೆಂದು ಮಡಿಸುವ ಕುರ್ಚಿಗಳು. ಸಾಮಾನ್ಯವಾಗಿ ಕುರ್ಚಿಗಳು ಖಾಲಿ ಇರುತ್ತವೆ. ಆ ಸಂಜೆ ಗೋಡೆಗೆ ಒರಗಿಸಿಟ್ಟಿದ್ದ ಹಳೆಯ ಬೆಂಚನ್ನೂ ಎಳೆಯಬೇಕಾಯಿತು.

ಅಧ್ಯಕ್ಷ ರಾಡ್ರಿಕ್ ಡ್ರಿಂಗ್ ಹಿಂದೆ ಜಾನುವಾರು ಹರಾಜು ಕೂಗುತ್ತಿದ್ದವನು. ಸಭೆಯನ್ನೂ ಹಾಗೆಯೇ ನಡೆಸುತ್ತಾನೆ.

"ನಾಯಿ ಡಬ್ಬಿ. ತುಂಬಿದೆ. ಯಾರು ಖಾಲಿ ಮಾಡ್ಬೇಕು ಅಂತ ಜಿಲ್ಲೆಯವರು ನಮ್ಮನ್ನ ಕೇಳ್ತಿದಾರೆ, ನಾವು ಅವರನ್ನ ಕೇಳ್ತಿದೀವಿ. ಮುಂದಿನ ತಿಂಗಳಿಗೆ. ಬಸ್ ಸ್ಟಾಪ್ ಗಾಜು. ಗಾಜು ಬೇಡ, ಹಲಗೆ ಹೊಡೀರಿ. ಆಕ್ಷೇಪಣೆ? ಇಲ್ಲ. ಕಾಲುದಾರಿ."

ಹಿಲರಿ ಎದ್ದು ನಿಂತಳು. "ಇದು ನಮ್ಮ ಮನೆ ವಿಷಯ. ನಾನಿರೋ ಹಾಗಿಲ್ಲ."

ಸ್ವಂತ ಹಿತ ಇರುವ ಸದಸ್ಯರು ಆ ಚರ್ಚೆ ಮುಗಿಯುವವರೆಗೆ ಹೊರಗಿರಬೇಕು. ನಿಯಮ ಬಿಗಿಯಾದದ್ದು. ಹೊರಗೆ ಎಂದರೆ ನಮ್ಮ ಭವನದಲ್ಲಿ ಅಡುಗೆಮನೆ, ಬೇರೆ ಜಾಗವಿಲ್ಲ. ಅಡುಗೆಮನೆಗೂ ಸಭೆಗೂ ನಡುವೆ ಚಹಾ ಕೊಡುವ ಒಂದು ಕಿಂಡಿ, ಅದಕ್ಕೊಂದು ಮರದ ಬಾಗಿಲು. ಹಿಲರಿ ಹೋಗಿ ಚಹಾ ಬಾಯ್ಲರಿನ ಪಕ್ಕ ನಿಂತಳು. ಗುಮಾಸ್ತೆ ಬರ್ನಿಸ್ ಕಿಂಡಿಯ ಬಾಗಿಲನ್ನು ತಳ್ಳಿದಳು. ಅದು ಪೂರ್ತಿ ಮುಚ್ಚುವ ಬಾಗಿಲಲ್ಲ.

ಡಾರ್ಕಸ್ ಬ್ಲೇಡ್ಸ್ ಮಾತಾಡಿದಳು. ಚರ್ಚಿನ ಹೂವು, ಚಹಾ, ಪ್ಯಾನ್‌ಕೇಕು ಎಲ್ಲ ನೋಡಿಕೊಳ್ಳುವವಳು, ಮೇವಿಸ್‌ಳ ಹಳೆಯ ಗೆಳತಿ.

"ನಾನು ಮದುವೆಯಾಗಿ ಬಂದಾಗಿಂದ ಆ ದಾರೀಲೇ ಚರ್ಚಿಗೆ ಹೋಗಿದೀನಿ. ಗೇಟು ಕಟ್ಟಿದ್ದು ಒಂದು ದಿನಾನೂ ಕಂಡಿಲ್ಲ."

ಕ್ಲೈವ್ ಎದ್ದ. "ಪ್ಯಾನ್‌ಕೇಕ್ ಮಂಗಳವಾರ ಕಟ್ತಿದ್ದ ನಮ್ಮಪ್ಪ."

"ಅವತ್ತಂತೂ ಖಂಡಿತ ಹೋಗಿದೀನಿ, ಕ್ಲೈವ್. ಚರ್ಚಲ್ಲಿ ಹಿಟ್ಟು ಹುಯ್ಯೋದು ಯಾರು? ನಾನು. ತುಂಬಿದ ಬಕೆಟ್ ಹಿಡ್ಕೊಂಡು ನಿಮ್ಮಪ್ಪನ ಗೇಟು ಹತ್ತಿ ಹಾರೋಕಾಗ್ತಿತ್ತಾ ನಂಗೆ?"

ಬೆಂಚಿನವರು ನಕ್ಕರು. ನಿವೃತ್ತ ಅಂಚೆಯವ ಸಿರಿಲ್ ಕೈ ಎತ್ತಿದ. "ನಾನೂ ದಿನಾ ಹೋಗ್ತಿದ್ದೆ. ಕಟ್ಟಿದ್ರೆ ಬೈದಿರ್ತಿದ್ದೆ. ಬೈದ ನೆನಪಿಲ್ಲ."

"ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ ಬಂತು? ಇದನ್ನ ಇಲ್ಲಿಗೆ ತಂದೋರು ಯಾರು?" ಎಂದು ಕೇಳಿದ ಕ್ಲೈವ್.

"ನೀನೇ," ಎಂದಳು ಡಾರ್ಕಸ್. "ಮನೆ ಎದ್ಮೇಲೆ ಚರ್ಚಿಗೆ ಹೋಗೋರು ರಸ್ತೆ ಸುತ್ಕೊಂಡು ಹೋಗ್ಲಿ, ಕೊಬ್ಬು ಕರಗುತ್ತೆ ಅಂತ ಪಬ್ಬಲ್ಲಿ ಹೇಳಿದ್ಯಂತಲ್ಲ."

ಮತ್ತೆ ನಗು. ಕ್ಲೈವ್‌ನ ಕಿವಿ ಕೆಂಪಾಯಿತು. ಹಾಗೆ ಹೇಳಿದ್ದು ನಿಜ. ಆದರೆ ಮನೆಗೆ ಬರುವಾಗ ಅವನ ತಲೆಯಲ್ಲಿದ್ದದ್ದು ಬೇರೆ ಪ್ರಶ್ನೆ: ಪಬ್ಬಿನ ಮಾತನ್ನು ಡಾರ್ಕಸ್‌ಗೆ ಮುಟ್ಟಿಸಿದವರು ಯಾರು?

ಕೌನ್ಸಿಲ್ ಅಂದು ಎರಡು ತೀರ್ಮಾನ ಮಾಡಿತು. ದಾರಿಯಲ್ಲಿ ನಡೆದವರ ಹೇಳಿಕೆಗಳನ್ನು ಒಟ್ಟುಮಾಡುವುದು. ಮುಂದಿನ ತಿಂಗಳ ಸಭೆಯಲ್ಲಿ ನೋಡಿ, ದಾರಿಯನ್ನು ಸರ್ಕಾರಿ ನಕ್ಷೆಗೆ ಸೇರಿಸಿರೆಂದು ಜಿಲ್ಲಾ ಕಚೇರಿಗೆ ಬರೆಯುವುದು.

*

ಆ ತಿಂಗಳು ಒಡ್ಲಿಂಗ್ ಮನೆಯಲ್ಲಿ ಅಡುಗೆ ನಿಲ್ಲಲಿಲ್ಲ, ಮಾತು ಕಡಿಮೆಯಾಯಿತು.

ಕ್ಲೈವ್ ಮೊದಲು ಸಿರಿಲ್‌ನ ಮನೆಯಿಂದ ಮೊಟ್ಟೆ ತರುವುದನ್ನು ಬಿಟ್ಟ. ಹಿಲರಿ ಪೇಟೆಯ ಮೊಟ್ಟೆ ತಂದಳು. ಬೆಳಗಿನ ತಟ್ಟೆಯಲ್ಲಿ ಅದರ ಹಳದಿ ನೋಡಿ ಅವನೇ ಗೊಣಗಿದ.

"ಇದೇನಿದು, ಕಾಯಿಲೆ ಬಿದ್ದಿರೋ ಹಾಗಿದೆ."

"ಸಿರಿಲ್ ಕೋಳಿಗಳು ಸುಳ್ಳು ಸಾಕ್ಷಿ ಹೇಳಿರ್ಲಿಲ್ಲ," ಎಂದಳು ಹಿಲರಿ. "ಬೇಕಾದ್ರೆ ಹೋಗಿ ತಗೊಂಡ್ ಬಾ."

ಊರೆಲ್ಲ ಮಾತಾಡಿಕೊಂಡು ಸುಳ್ಳು ಹೇಳುತ್ತಿದೆ ಎಂಬುದು ಅವನ ಲೆಕ್ಕ. ಅಪ್ಪ ಬೆಳಿಗ್ಗೆ ಸರಪಳಿ ಹಿಡಿದು ಹೋಗುವುದನ್ನು ಅವನು ಚಿಕ್ಕಂದಿನಿಂದ ನೋಡಿದ್ದ. ಆಮೇಲೆ ಅವನು ಶಾಲೆಗೆ ಹೋಗುತ್ತಿದ್ದ, ದೊಡ್ಡವನಾದ ಮೇಲೆ ಟ್ರ್ಯಾಕ್ಟರ್ ರಿಪೇರಿಗೆ. ಹಗಲಿನಲ್ಲಿ ಆ ಗೇಟನ್ನು ಅವನು ಕಂಡವನಲ್ಲ. ಅದು ಅವನಿಗೆ ಹೊಳೆಯಲೂ ಇಲ್ಲ.

ಊರಿನವರ ಮೇಲಿನ ಅನುಮಾನ ನಿಧಾನವಾಗಿ ಮನೆಯೊಳಗೆ ಬಂತು. ಒಂದು ಸಂಜೆ ಸಾಸೇಜು ತಿನ್ನುತ್ತಾ ಅವನು ಡೇಲ್‌ನನ್ನು ಕೇಳಿದ.

"ಟೈರ್ ಅಂಗಡಿಗೆ ಡಾರ್ಕಸ್ ಮಗ ಬರ್ತಾನಲ್ಲ?"

"ಬರ್ತಾನೆ. ಟೈರ್ ಹಾಕಿಸ್ಕೋತಾನೆ, ಹೋಗ್ತಾನೆ."

"ಮಾತಾಡ್ತೀಯ?"

"ಚಕ್ರ ಬಿಚ್ಚೋವಾಗ ಮೂಕನ ಹಾಗಿರ್ಲಾ? ಕ್ಲೈವ್, ನೇರವಾಗಿ ಕೇಳಿ. ನನ್ನ ಮನೆ ನಾನೇ ಯಾಕೆ ಕೆಡಿಸ್ಲಿ?"

"ನಿಂಗೆ ಈ ಊರಲ್ಲಿರೋಕೆ ಇಷ್ಟ ಇಲ್ವಲ್ಲ. ಗ್ರಿಮ್ಸ್‌ಬಿಗೆ ಹೋಗೋಣ ಅಂತ ಜಾಸ್‌ಗೆ ಹೇಳ್ತಿದ್ದೆ. ಕ್ಯಾರವಾನ್ ಗೋಡೆ ತೆಳು."

"ಕ್ಯಾರವಾನ್ ಗೋಡೆ ಬೂಸ್ಟು ಹಿಡಿದಿದೆ, ಅದಕ್ಕೇ ಹೇಳ್ದೆ!" ಡೇಲ್ ತಟ್ಟೆ ಎತ್ತಿಕೊಂಡು ಹೊರಗೆ ಹೋದ. ಮರುದಿನದಿಂದ ಅವರಿಬ್ಬರ ಊಟ ಕ್ಯಾರವಾನ್‌ನಲ್ಲೇ.

ಅದರ ನಂತರದ ವಾರ ಹಿಲರಿಯ ಸರದಿ.

"ಸಭೆ ದಿನ ಅಡುಗೆಮನೇಲಿ ನಿಂತು ಎಲ್ಲಾ ಕೇಳಿಸ್ಕೊಂಡೆ. ಮನೆಗೆ ಬಂದು ಒಂದು ಮಾತಾಡ್ಲಿಲ್ಲ."

"ಏನು ಮಾತಾಡ್ಲಿ?"

"ಅವರೆಲ್ಲ ಸುಳ್ಳು ಹೇಳ್ತಿದಾರೆ ಅನ್ನು. ಒಂದ್ಸಲ ಅನ್ನು."

ಹಿಲರಿ ಬಟಾಣಿ ಸುಲಿಯುತ್ತಿದ್ದಳು. ಕೈ ನಿಲ್ಲಲಿಲ್ಲ. "ನಂಗೆ ಜಾಸ್‌ಗೆ ಮನೆ ಆಗ್ಬೇಕು. ನಿನಗಿಂತ ಹೆಚ್ಚು ನಂಗೆ ಬೇಕು ಅದು. ಅಷ್ಟು ಸಾಕು."

"ನಾನು ಕೇಳಿದ್ದಕ್ಕೆ ಉತ್ತರ ಅದಲ್ಲ."

"ಸಿಪ್ಪೆ ಬಕೆಟ್ ಇತ್ತ ತಳ್ಳು," ಎಂದಳು ಹಿಲರಿ.

ಮೇವಿಸ್ ಮಾತ್ರ ಯಾರ ಅನುಮಾನಕ್ಕೂ ಸಿಕ್ಕಲಿಲ್ಲ. ಬರಬರುತ್ತಾ ಊಟ ಬಿಡತೊಡಗಿದಳು. ಬ್ರೆಡ್ಡಿಗೆ ಚೀಸು ಇಟ್ಟುಕೊಂಡು ತನ್ನ ಕೋಣೆಗೆ ಹೋಗುತ್ತಿದ್ದಳು. ಡಾರ್ಕಸ್ ಮೊದಲಿನಂತೆ ಬುಧವಾರ ಚಹಾಕ್ಕೆ ಬರಲಿಲ್ಲ. ಮೇವಿಸ್ ಎರಡು ಬಟ್ಟಲು ತೊಳೆದಿಟ್ಟು, ಕಾದು, ಒಂದನ್ನು ಮತ್ತೆ ಕಪಾಟಿಗೆ ಸೇರಿಸುತ್ತಿದ್ದಳು.

ಇಷ್ಟರಲ್ಲಿ ಕ್ಲೈವ್ ಸ್ಟೇನ್‌ಬರಿಯ ವಕೀಲರನ್ನು ಕಂಡು ಬಂದ. ಅವನ ಮುಖ ಬಹಳ ದಿನಗಳ ಮೇಲೆ ಸಡಿಲವಾಗಿತ್ತು. ಜಾಸ್‌ಳನ್ನೂ ಕ್ಯಾರವಾನ್‌ನಿಂದ ಕರೆಸಿದ.

"ಸುಲಭ ಇದೆ. ಊರಿನೋರು ಏನಾದ್ರೂ ಹೇಳ್ಲಿ. ಹೊಲದ ಒಡತಿ ಅಮ್ಮ. ಅಪ್ಪ ವರ್ಷಾ ವರ್ಷಾ ಗೇಟು ಕಟ್ತಿದ್ರು ಅಂತ ಅಮ್ಮ ವಕೀಲರ ಮುಂದೆ ಪ್ರಮಾಣ ಮಾಡಿದ್ರೆ ಆಯ್ತು. ಶುಕ್ರವಾರ ಬರ್ತೀಯ ಅಂತ ಹೇಳಿದೀನಿ, ಅಮ್ಮ."

ಮೇವಿಸ್ ಪಾತ್ರೆ ಒರೆಸುತ್ತಿದ್ದಳು. ಬಟ್ಟೆಯನ್ನು ಒಲೆಯ ಸರಳಿಗೆ ಹರಡಿ, ಅಂಚು ಸರಿಮಾಡಿದಳು.

"ಕಟ್ತಿದ್ರು," ಎಂದಳು. "ನಾನು ಬಿಚ್ತಿದ್ದೆ."

"ಏನಂದೆ?"

"ನಿಮ್ಮಪ್ಪ ಕಟ್ಟಿ ಸಂತೆಗೆ ಹೋಗೋರು. ನಾನು ಪಾತ್ರೆ ತೊಳೆದು, ಹೋಗಿ ಬಿಚ್ಚಿ ಬರ್ತಿದ್ದೆ. ಅವರು ಬರೋ ಹೊತ್ತಿಗೆ ಮತ್ತೆ ಕಟ್ತಿದ್ದೆ. ಅವರು ಬಂದು ಬಿಚ್ಚೋರು. ಯಾರೂ ಸುಳ್ಳು ಹೇಳ್ತಿಲ್ಲ, ಕ್ಲೈವ್. ಹಗಲೆಲ್ಲ ಗೇಟು ತೆಗೆದೇ ಇರ್ತಿತ್ತು."

ಕ್ಲೈವ್ ಕುರ್ಚಿ ಹಿಡಿದುಕೊಂಡ. ಜಾಸ್ ಕೇಳಿದಳು: "ಯಾಕಜ್ಜಿ?"

"ಯಾಕೆ ಅಂದ್ರೆ? ಅವತ್ತು ಡಾರ್ಕಸ್ ಹಿಟ್ಟಿನ ಬಕೆಟ್ ಹೊತ್ಕೊಂಡು ಬರ್ಬೇಕು. ಕಟ್ಟಿದ ಗೇಟು ನೋಡಿ ವಾಪಸ್ ಹೋಗಿ, ಊರು ಸುತ್ತಿ ಚರ್ಚಿಗೆ ಬಂದು, ನನ್ನ ಪಕ್ಕದ ಒಲೆ ಮುಂದೆನೇ ನಿಂತ್ಕೋಬೇಕು. ನಾನು ಅವಳ ಮುಖ ಹ್ಯಾಗೆ ನೋಡ್ಲಿ, ಮರಿ? ನಿಮ್ಮಜ್ಜನಿಗೇನು, ಸಂತೆಗೆ ಹೋಗ್ಬಿಡೋರು."

"ಅಪ್ಪನಿಗೆ ಹೇಳ್ಬಹುದಿತ್ತಲ್ಲ!" ಎಂದ ಕ್ಲೈವ್.

"ನಿಮ್ಮಪ್ಪನಿಗೆ? ನೀನು ಯಾವತ್ತಾದ್ರೂ ಏನಾದ್ರೂ ಹೇಳಿದ್ಯಾ?"

ಹಿಲರಿ ಬಾಗಿಲಲ್ಲಿ ಒಗೆದ ಬಟ್ಟೆಯ ಬುಟ್ಟಿ ಹಿಡಿದು ನಿಂತಿದ್ದಳು. ಬುಟ್ಟಿ ಹಿಡಿದುಕೊಂಡೇ ಮಹಡಿ ಹತ್ತಿದಳು.

ಕ್ಲೈವ್ ಧ್ವನಿ ಇಳಿಸಿ ಹೇಳಿದ: "ಅಮ್ಮ, ಅಪ್ಪ ಕಟ್ತಿದ್ರು ಅನ್ನೋದು ನಿಜ ತಾನೆ?"

"ನಿಜ."

"ಅಷ್ಟು ಹೇಳು. ನಿಜಾನೇ ಹೇಳು. ಅದರ ಮುಂದಿಂದು ನಿನ್ನ ಯಾರೂ ಕೇಳಲ್ಲ."

ಮೇವಿಸ್ ಜಾಸ್‌ಳ ಕಡೆ ನೋಡಿದಳು. ಜಾಸ್ ಕಿಟಕಿಯಾಚೆ ಕ್ಯಾರವಾನ್ ಕಡೆ ನೋಡುತ್ತಿದ್ದಳು.

"ನೀನೇನಂತೀಯ, ಮರಿ?"

"ನಂಗೆ ಮನೆ ಬೇಕಜ್ಜಿ," ಎಂದಳು ಜಾಸ್. "ಮಗುನ ಆ ಬೂಸ್ಟಿನೊಳಗೆ ಮಲಗಿಸಲ್ಲ ನಾನು. ನೀನು ಏನು ಹೇಳ್ಬೇಕು ಅಂತ ನಾನು ಹೇಳಲ್ಲ. ನಂಗೆ ಮನೆ ಬೇಕು, ಅಷ್ಟೇ."

ಶುಕ್ರವಾರ ಮೇವಿಸ್‌ಗೆ ಮಂಡಿ ನೋವು. ವಕೀಲರ ಬಳಿ ಹೋಗಲಿಲ್ಲ. ಮುಂದಿನ ಶುಕ್ರವಾರವೂ ಮಂಡಿ ನೋವು. ಆದರೆ ಜೂನ್ ಸಭೆಯ ದಿನ ಸಂಜೆ ಅವಳು ಚರ್ಚಿಗೆ ಹಾಕುವ ನೀಲಿ ಕೋಟು ತೊಟ್ಟು, ಊರುಗೋಲು ಹಿಡಿದು, ಎಲ್ಲರಿಗಿಂತ ಮುಂಚೆ ಹೊರಟು ನಿಂತಳು.

"ಸಭೇಲಿ ಹೇಳ್ತೀಯಾ?" ಎಂದು ಕೇಳಿದ ಕ್ಲೈವ್. "ಒಳ್ಳೇದೇ. ಅಧ್ಯಕ್ಷನ ಮುಂದೆನೇ ಹೇಳು. ಅಪ್ಪ ಕಟ್ತಿದ್ರು ಅನ್ನೋದಷ್ಟೇ, ಅಮ್ಮ."

"ಕಾರು ತೆಗಿ," ಎಂದಳು ಮೇವಿಸ್.

*

ಸಂಜೆಯ ಬಿಸಿಲು ಭವನದ ಕಿಟಕಿಗಳಿಂದ ಇನ್ನೂ ಒಳಗೆ ಬರುತ್ತಿತ್ತು. ಡಬ್ಬಿಯ ವಿಷಯ ಮತ್ತೆ ಮುಂದಿನ ತಿಂಗಳಿಗೆ ಹೋಯಿತು. ನಿಲ್ದಾಣಕ್ಕೆ ಹೊಡೆದ ಹಲಗೆಯಿಂದ ಬಸ್ಸು ಬರುವುದೇ ಕಾಣುವುದಿಲ್ಲ ಎಂದು ಯಾರೋ ದೂರಿದರು. ಹಲಗೆಗೆ ಒಂದು ತೂತು ಕೊರೆಯಲು ತೀರ್ಮಾನವಾಯಿತು. ಹಿಲರಿ ಎದ್ದು, ಹೇಳಬೇಕಾದ್ದನ್ನು ಹೇಳಿ, ಅಡುಗೆಮನೆಗೆ ಹೋದಳು. ಬರ್ನಿಸ್ ಕಿಂಡಿಯ ಬಾಗಿಲು ತಳ್ಳಿದಳು.

"ಸಾರ್ವಜನಿಕರ ಸಮಯ," ಎಂದ ರಾಡ್ರಿಕ್. "ಮೇವಿಸ್, ಕೂತೇ ಮಾತಾಡಿ, ಪರವಾಗಿಲ್ಲ."

ಮೇವಿಸ್ ನಿಂತಳು. ಒಂದೇ ಉಸಿರಿಗೆ ಹೇಳಿದಳು: "ನಮ್ಮ ಯಜಮಾನರು ಪ್ರತಿ ಪ್ಯಾನ್‌ಕೇಕ್ ಮಂಗಳವಾರ ಗೇಟು ಕಟ್ಟೋರು. ಅವರು ಆ ಕಡೆ ಹೋದ್ಮೇಲೆ ನಾನು ಹೋಗಿ ಬಿಚ್ತಿದ್ದೆ. ಸಂಜೆ ಮತ್ತೆ ಕಟ್ತಿದ್ದೆ. ಅವರಿಗೆ ಗೊತ್ತಿರ್ಲಿಲ್ಲ. ನಿಮಗೂ ಗೊತ್ತಿರ್ಲಿಲ್ಲ. ಇಷ್ಟೇ."

ಮೊದಲು ಬಾಯಿ ತೆರೆದವಳು ಡಾರ್ಕಸ್. "ಕಟ್ಟೋರಾ? ನಲವತ್ತು ವರ್ಷದ ಸ್ನೇಹ ನಮ್ದು, ಮೇವಿಸ್. ಕಟ್ಟೋ ವಿಷಯ ಒಂದು ದಿನಾನೂ ನನ್ನ ಹತ್ರ ಎತ್ಲಿಲ್ಲ ನೀನು. ಈಗ ಮನೆ ಕಟ್ಟೋ ಹೊತ್ತಿಗೆ ಸರಪಳಿ ಎಲ್ಲಿಂದ ಬಂತು? ಮಗ ಹೇಳಿಕೊಟ್ಟಿದಾನೆ."

"ನಾನಾ ಹೇಳಿಕೊಟ್ಟಿದ್ದು?" ಕ್ಲೈವ್ ಎದ್ದು ನಿಂತ. "ಬಿಚ್ತಿದ್ದೆ ಅನ್ನೋದನ್ನ ನಾನು ಹೇಳಿಕೊಡ್ತೀನಾ? ಅದನ್ನ ಹೇಳಿಕೊಟ್ಟಿದ್ದು ನೀವು! ಬುಧವಾರ ಚಹಾಕ್ಕೆ ಬರಲ್ಲ ಅಂತ ಹೆದರಿಸಿ, ಹೇಳಿಸಿದೀರ. ಅಮ್ಮಂಗೆ ವಯಸ್ಸಾಗಿದೆ, ನಿಮ್ಮ ಒಂದು ಬಟ್ಟಲು ಚಹಾಕ್ಕೆ ಮೊಮ್ಮಗಳ ಮನೆ ಕೊಟ್ಬಿಟ್ಳು!"

"ನೋಡಿದ್ರಾ, ಅವನೇ ಒಪ್ಪಲ್ಲ," ಎಂದ ಸಿರಿಲ್.

"ಬಿಚ್ಚಿದ್ದು ಒಪ್ಪಲ್ಲ ಅಂದೆ. ಕಟ್ಟಿದ್ದು ನಿಜ!"

"ಬಿಚ್ಚಿದ್ದೂ ನಿಜ ಹ್ಯಾಗಾಗುತ್ತೆ?" ಎಂದಳು ಡಾರ್ಕಸ್, "ಕಟ್ಟಿದ್ರೆ ತಾನೆ ಬಿಚ್ಚೋದು? ಅದಕ್ಕೇ ಎರಡೂ ಸುಳ್ಳು."

ಒಂದು ಕಡೆಯವರು ಮೇವಿಸ್‌ಳ ಮಾತಿನ ಮೊದಲರ್ಧ ನಂಬಲಿಲ್ಲ, ಇನ್ನೊಂದು ಕಡೆಯವನು ಉಳಿದರ್ಧ ನಂಬಲಿಲ್ಲ. ನಡುವೆ ಅವಳು ನೀಲಿ ಕೋಟಿನಲ್ಲಿ ನಿಂತೇ ಇದ್ದಳು. ಜಾಸ್ ಎದ್ದು ಹೋಗಿ ಅಜ್ಜಿಯ ಪಕ್ಕ ಕುರ್ಚಿ ಇಟ್ಟಳು. ಮೇವಿಸ್ ಕೂರಲಿಲ್ಲ.

ಕಿಂಡಿಯ ಬಾಗಿಲು ದಡಾರನೆ ತೆರೆಯಿತು.

"ಅವರು ಹೇಳಿದ್ದು ಎರಡೂ ನಿಜ," ಎಂದಳು ಹಿಲರಿ. "ಮದುವೆಯಾದ ಮೊದಲ್ನೇ ವರ್ಷ ಮಹಡಿ ಕಿಟಕಿಯಿಂದ ನೋಡಿದೆ. ಮಾವ ಕಟ್ಟಿ ಹೋದ್ರು, ಇವರು ಏಪ್ರನ್‌ನಲ್ಲೇ ಹೋಗಿ ಬಿಚ್ಚಿದ್ರು. ಆಮೇಲೆ ಪ್ರತಿ ವರ್ಷ ನೋಡ್ದೆ."

ರಾಡ್ರಿಕ್ ಮೇಜು ಕುಟ್ಟಿದ. "ಹಿಲರಿ! ನೀನು ಈ ಚರ್ಚೇಲಿ ಸಭೇಲಿರೋ ಹಾಗಿಲ್ಲ!"

"ಸಭೇಲಿಲ್ಲ ರಾಡ್ರಿಕ್, ಅಡುಗೆಮನೇಲಿದೀನಿ."

"ಅಡುಗೆಮನೆಯಿಂದ ಮಾತಾಡೋ ಹಾಗೂ ಇಲ್ಲ!"

"ಮಾತಾಡಿ ಆಯ್ತಲ್ಲ."

ಬರ್ನಿಸ್ ಪೆನ್ನು ಎತ್ತಿ ಹಿಡಿದಿದ್ದಳು. "ಇದನ್ನ ಬರ್ಕೊಳ್ಲಾ, ಅಧ್ಯಕ್ಷರೆ? ಅವರು ಇಲ್ಲಿಲ್ಲ ಅಂತ ಆಗ್ಲೇ ಬರೆದಿದೀನಿ."

"ಬರೀಬೇಡ. ಇಲ್ಲದೋರು ಏನು ಮಾತಾಡ್ತಾರೆ? ಬರೀಬೇಡ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಕ್ಲೈವ್ ನಗಲಿಲ್ಲ. ಕಿಂಡಿಯಲ್ಲಿ ಕಾಣುತ್ತಿದ್ದ ಹೆಂಡತಿಯ ಮುಖವನ್ನೇ ನೋಡುತ್ತಿದ್ದ.

ಡಾರ್ಕಸ್ ತನ್ನ ಕೈಚೀಲವನ್ನು ಒಮ್ಮೆ ತೆರೆದು, ಮತ್ತೆ ಮುಚ್ಚಿದಳು. "ಏಪ್ರನ್‌ನಲ್ಲಾ?" ಎಂದು ಮೇವಿಸ್‌ಳನ್ನು ಕೇಳಿದಳು. "ಆ ಚಳೀಲಿ?"

"ನೀನು ಬರೋ ಹೊತ್ತಾಗಿರ್ತಿತ್ತಲ್ಲ," ಎಂದಳು ಮೇವಿಸ್. ಆಗ ಕೂತಳು.

ಕೌನ್ಸಿಲ್ ಕೈ ಎತ್ತಿಸಿತು. ಹೇಳಿಕೆಗಳ ಜೊತೆ ಮೇವಿಸ್‌ಳ ಮಾತನ್ನೂ ಇದ್ದದ್ದು ಇದ್ದಂತೆ ಸೇರಿಸಿ ಜಿಲ್ಲಾ ಕಚೇರಿಗೆ ಕಳಿಸುವುದೆಂದಾಯಿತು. ಕಚೇರಿಯವರು ಇಂಥವನ್ನು ಇತ್ಯರ್ಥ ಮಾಡಲು ವರ್ಷಗಟ್ಟಲೆ ತೆಗೆದುಕೊಳ್ಳುತ್ತಾರೆ ಎಂದು ಬರ್ನಿಸ್ ಹೇಳಿದಳು. ಅಲ್ಲಿಯವರೆಗೆ ಆ ಜಾಡಿನ ಮೇಲೆ ಕಟ್ಟಲು ಯಾರೂ ಮಂಜೂರಾತಿ ಕೊಡುವುದಿಲ್ಲ ಎಂಬುದನ್ನು ಹೇಳಬೇಕಾಗಿರಲಿಲ್ಲ.

*

ಮರುದಿನ ಕ್ಲೈವ್ ತಾಯಿಯನ್ನು ಅವಳ ಕೋಣೆಯಲ್ಲಿ ವಿಚಾರಿಸಿದ. ಆಮೇಲೆ ಹೆಂಡತಿಯನ್ನು ಅಡುಗೆಮನೆಯಲ್ಲಿ. ಯಾವ ಹೊತ್ತಿಗೆ, ಸರಪಳಿ ಎಲ್ಲಿಡುತ್ತಿದ್ದರು, ಹಿಮ ಬಿದ್ದ ವರ್ಷ ಮೇವಿಸ್ ತನ್ನ ಹೆಜ್ಜೆ ಗುರುತನ್ನು ಏನು ಮಾಡಿದಳು. ಇಬ್ಬರೂ ಎಲ್ಲಕ್ಕೂ ಒಂದೇ ಉತ್ತರ ಕೊಟ್ಟರು, ಗುರುತಿನ ಮೇಲೆ ಬೂದಿ ಚೆಲ್ಲಿದ್ದೂ ಸೇರಿ.

ರಾತ್ರಿಯ ಊಟಕ್ಕೆ ಜಾಸ್ ಮತ್ತು ಡೇಲ್ ಮತ್ತೆ ಮನೆಯೊಳಗೆ ಬಂದಿದ್ದರು. ಮಾಂಸದ ಪೈ, ಕ್ಯಾರೆಟ್ಟು.

"ಇಬ್ರೂ ಪದಕ್ಕೆ ಪದ ಒಂದೇ ಹೇಳ್ತಾರೆ," ಎಂದ ಕ್ಲೈವ್. "ಮೊದ್ಲೇ ಮಾತಾಡ್ಕೊಂಡಿದಾರೆ."

"ಬೇರೆ ಬೇರೆ ಹೇಳಿದ್ರೆ ಒಬ್ರು ಸುಳ್ಳು ಅಂತಿದ್ದೆ ನೀನು," ಎಂದಳು ಜಾಸ್. "ಅಪ್ಪ, ಸಾಕು. ನಾನು ನಂಬಿದೀನಿ. ಮನೆ ಕಳ್ಕೊಳ್ಳೋಳು ನಾನು, ನಾನೇ ನಂಬಿದೀನಿ."

"ಕಳ್ಕೊಳ್ಳೋದಾದ್ರೆ ಎಲ್ಲಿಗೆ ಹೋಗ್ತೀಯ? ಗ್ರಿಮ್ಸ್‌ಬಿಗಾ?"

ಡೇಲ್ ಜಾಸ್‌ಳ ಕಡೆ ನೋಡಿದ.

"ಎಲ್ಲಿಗೂ ಇಲ್ಲ," ಎಂದಳು ಜಾಸ್. "ಮನೇನ ಬೇಲಿ ಕಡೆಗೆ ಸರಿಸ್ತೀವಿ. ದಾರಿ ಅದರ ಪಾಡಿಗೆ ಅದಿರ್ಲಿ. ಅಲ್ಲಿ ಜಾಗ ಕಿರಿದು, ಒಂದು ರೂಮು ಹೋಗುತ್ತೆ. ಮಗು ನಮ್ಮ ಜೊತೇಲೇ ಮಲಗುತ್ತೆ. ನಕ್ಷೆಯೋನಿಗೆ ಬೆಳಿಗ್ಗೆನೇ ಫೋನ್ ಮಾಡಿದೆ."

"ಊರೋರೆಲ್ಲ ನಿನ್ನ ಅಡುಗೆಮನೆ ಕಿಟಕಿ ಮುಂದೆ ಓಡಾಡ್ತಾರೆ. ಏನು ಬೇಯಿಸ್ತೀಯ ಅಂತ ನೋಡ್ತಾರೆ."

"ನೋಡ್ಲಿ. ಹಸಿವಾದ್ರೆ ಕೇಳ್ತಾರೆ."

ಕ್ಲೈವ್ ಹಿಲರಿಯ ಕಡೆ ತಿರುಗಿದ. "ನೀನು ಮೊದಲ್ನೇ ಸಭೆ ದಿನಾನೇ ಹೇಳ್ಬಹುದಿತ್ತು."

"ಹೇಳಿದ್ರೆ ಇವಳ ಮನೆ ಹೋಗ್ತಿತ್ತು. ಸುಮ್ನಿದ್ರೆ ಉಳೀಬಹುದು ಅನ್ಕೊಂಡೆ."

"ಮತ್ತೆ ನಿನ್ನೆ ಯಾಕೆ ಬಾಯಿ ಬಿಟ್ಟೆ?"

"ಅವರನ್ನ ನೀನೂ ಸುಳ್ಳಿ ಅಂದ್ಯಲ್ಲ, ಊರ ಮುಂದೆ." ಹಿಲರಿ ಅತ್ತೆಯ ತಟ್ಟೆಗೆ ಇನ್ನೊಂದು ಚಮಚ ಆಲೂಗಡ್ಡೆ ಹಾಕಿದಳು. ಮೇವಿಸ್ ಬೇಡವೆನ್ನಲಿಲ್ಲ.

"ಇಷ್ಟು ವರ್ಷ ಮಹಡಿ ಕಿಟಕೀಲಿ ನಿಂತು ನೋಡ್ತಿದ್ದೆ. ಒಂದ್ಸಲನೂ ನಂಗೆ ಹೇಳ್ಲಿಲ್ಲ. ಇನ್ನೇನೇನು ನೋಡಿದೀಯ ಈ ಮನೇಲಿ?"

"ಪೈ ಆರ್ತಿದೆ," ಎಂದಳು ಹಿಲರಿ.

ಶನಿವಾರ ಹೊಸ ಜಾಗಕ್ಕೆ ಗೂಟ ಹೊಡೆಯಲು ಎಲ್ಲರೂ ಹೊಲಕ್ಕೆ ಹೋದರು. ನಕ್ಷೆ ತಿದ್ದುವವನಿಗೆ ಅಳತೆ ಬೇಕಿತ್ತು. ಜಾಸ್ ಬೇಲಿಯ ಬುಡದಲ್ಲಿ ಟೇಪಿನ ತುದಿ ಹಿಡಿದಳು, ಹಿಲರಿ ಈ ಕಡೆಯ ತುದಿ. ಡೇಲ್ ಗೂಟ ಹಿಡಿದು ಕಾದ. ಕ್ಲೈವ್ ಸುತ್ತಿಗೆ ಹಿಡಿದು ದೂರ ನಿಂತಿದ್ದ. ಚರ್ಚಿನ ಕಡೆಯಿಂದ ಬಂದ ಇಬ್ಬರು ಹೆಂಗಸರು ಜಾಡಿನಲ್ಲೇ ನಡೆದು, ನಮಸ್ಕಾರ ಹೇಳಿ, ಹೋದರು. ಅವರು ಮರೆಯಾಗುವವರೆಗೂ ಕ್ಲೈವ್ ನೋಡುತ್ತಿದ್ದ.

ಹಿಲರಿ ಅಳತೆ ಓದಿ ಹೇಳಿದಳು. ಡೇಲ್ ಅಲ್ಲಿ ಗೂಟ ನಿಲ್ಲಿಸಿ ಹಿಡಿದ.

"ತಡಿ," ಎಂದ ಕ್ಲೈವ್.

ಹುಲ್ಲು ದಾಟಿ ಬಂದು, ಹೆಂಡತಿಯ ಪಕ್ಕ ಮಂಡಿಯೂರಿ, ಟೇಪಿನ ಮೇಲೆ ಅವಳ ಹೆಬ್ಬೆರಳಿದ್ದ ಜಾಗವನ್ನು ತಾನೇ ನೋಡಿದ. ಕನ್ನಡಕ ತೆಗೆದು ಒರೆಸಿ, ಇನ್ನೊಮ್ಮೆ ನೋಡಿದ. ಅವಳು ಹೇಳಿದಷ್ಟೇ ಇತ್ತು. ಹಿಲರಿ ಬೆರಳು ಕದಲಿಸದೆ ಕಾದಳು.

ಅವನು ಎದ್ದು ಗೂಟ ಹೊಡೆದ.